ಅಗ್ಗದ ಲ್ಯಾಪ್‌ಟಾಪ್ ಕೊಂಡು ಅಪ್‌ಗ್ರೇಡ್ ಮಾಡುವುದು: ಕೊಳ್ಳುವ ಮೊದಲಿನಿಂದ ಕೊನೆಯ ಸ್ಕ್ರೂವರೆಗೆ

ಇದರಲ್ಲಿ ಎಡವುವವರೆಲ್ಲ ಒಂದೇ ಜಾಗದಲ್ಲಿ ಎಡವುತ್ತಾರೆ. ಆಫರ್‌ನಲ್ಲಿ ಕಂಡ ಲ್ಯಾಪ್‌ಟಾಪನ್ನು ಮೊದಲು ಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ನಿಧಾನ ಅನ್ನಿಸಿದಾಗ 8 ಜಿಬಿ ರ‍್ಯಾಮ್ ತರಿಸುತ್ತಾರೆ. ತಳದ ಮುಚ್ಚಳ ಬಿಚ್ಚಿ ನೋಡಿದರೆ ಅದನ್ನು ಕೂರಿಸಲು ಸ್ಲಾಟೇ ಇರುವುದಿಲ್ಲ. ತಪ್ಪು ಆಗಿದ್ದು ಕೆಲಸದ ಕ್ರಮದಲ್ಲಿ. ಬೋರ್ಡಿನ ಮೇಲೆ ಏನಿದೆ ಎಂಬುದು ಮೊದಲು, ಲೆಕ್ಕ ಆಮೇಲೆ, ಅದಾದ ಮೇಲೆ ಕೊಳ್ಳುವುದು ಮತ್ತು ಪರೀಕ್ಷೆ. ಸ್ಕ್ರೂಡ್ರೈವರ್ ಕೈಗೆ ಬರಬೇಕಾದದ್ದು ಕೊನೆಯಲ್ಲಿ.

ಅಗ್ಗದ ಲ್ಯಾಪ್‌ಟಾಪ್ ಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಹೀಗೆ: ಪ್ರೊಸೆಸರ್ ನಿಮ್ಮ ಕೆಲಸಕ್ಕೆ ಇಂದೇ ಸಾಕಾಗುವಂತಿರಬೇಕು, ರ‍್ಯಾಮ್ ಮತ್ತು ಸ್ಟೋರೇಜ್ ಎರಡೂ ಬದಲಿಸುವಂತಿರಬೇಕು. ಈ ಎರಡು ಷರತ್ತೂ ಈಡೇರಿದರೆ ಕೊಳ್ಳಿ. ಒಂದು ಇಲ್ಲದಿದ್ದರೂ ಬಿಟ್ಟುಬಿಡಿ, ಬೆಲೆ ಎಷ್ಟೇ ಕಡಿಮೆ ಇರಲಿ.

## ಹಂತ 1: ಬದಲಿಸಲಾಗದ ಭಾಗಗಳನ್ನು ಮೊದಲು ನೋಡಿ

ಪ್ರೊಸೆಸರ್. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಬದಲಿಸುವುದೆಂದರೆ ಬೋರ್ಡನ್ನೇ ಬದಲಿಸಿದಂತೆ. ಹಾಗಾಗಿ ದುಡ್ಡಿನ ಹೆಚ್ಚಿನ ಪಾಲು ಪ್ರೊಸೆಸರಿಗೆ ಹೋಗಲಿ.

ಅಗ್ಗದ ಹೊಸ ಯಂತ್ರಗಳಲ್ಲಿ ಇಂದಿಗೂ ಸಿಗುವ ಇಂಟೆಲ್‌ನ ಸೆಲೆರಾನ್ ಎನ್4020 ಪ್ರೊಸೆಸರ್‌ನಲ್ಲಿ ಇರುವುದು 2 ಕೋರ್ (ಕೆಲಸ ಮಾಡುವ ಘಟಕ), 2 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸಗಳು) ಮಾತ್ರ. ಅದಕ್ಕೆ ಎಷ್ಟು ರ‍್ಯಾಮ್ ಕೊಟ್ಟರೂ ವಿಡಿಯೊ ಕಾಲ್ ನಡೆಯುವಾಗ ಪಕ್ಕದಲ್ಲಿ ಬ್ರೌಸರ್ ತೆರೆದರೆ ಉಸಿರುಗಟ್ಟುತ್ತದೆ. ಸೆಲೆರಾನ್ ಎನ್4500 ಹೊಸದಾದರೂ ಅದರಲ್ಲೂ 2 ಕೋರ್, 2 ಥ್ರೆಡ್ಡೇ. 2023ರಲ್ಲಿ ಬಂದ ಇಂಟೆಲ್ ಎನ್100ರಲ್ಲಿ 4 ಕೋರ್ ಇವೆ. ಟೈಪಿಂಗ್, ಬ್ರೌಸಿಂಗ್, ಆನ್‌ಲೈನ್ ಪಾಠಕ್ಕೆ ಸಾಕು. ಆದರೆ ಅದಕ್ಕೆ ಮೆಮೊರಿ ಚಾನೆಲ್ (ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ದಾರಿ) ಒಂದೇ, ಅಂದರೆ ಸ್ಲಾಟ್ ಇದ್ದರೂ ಸಾಮಾನ್ಯವಾಗಿ ಒಂದೇ ಇರುತ್ತದೆ. ಅಪ್‌ಗ್ರೇಡ್ ಮಾಡುವ ಉದ್ದೇಶವಿದ್ದವರು ಕೋರ್ ಐ3, ಐ5 ಅಥವಾ ರೈಜನ್‌ನಿಂದ ಆರಂಭಿಸುವುದೇ ಸರಿ.

ಹಳೆಯ ಯಂತ್ರವಾದರೆ ತಲೆಮಾರು ನೋಡಿ. ಐ5 ಎಂಬ ಹೆಸರೊಂದೇ ಏನನ್ನೂ ಹೇಳುವುದಿಲ್ಲ. ಐ5-7200ಯು 2 ಕೋರಿನದು, ಅದರ ಮರುತಲೆಮಾರಿನ ಐ5-8250ಯು 4 ಕೋರ್, 8 ಥ್ರೆಡ್ಡಿನದು. ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಇರುವುದೂ ಬಹುಪಾಲು ಇಂಟೆಲ್ 8ನೇ ತಲೆಮಾರಿನಿಂದ ಈಚೆಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 6ನೇ, 7ನೇ ತಲೆಮಾರಿನ ಯಂತ್ರಕ್ಕೆ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿ ಮಾರುವುದು ಸಾಮಾನ್ಯ. ಅದು ಇವತ್ತು ಓಡುತ್ತದೆ, ಆದರೆ ಮುಂದಿನ ದೊಡ್ಡ ಅಪ್‌ಡೇಟ್ ಸಿಗುತ್ತದೆಂಬ ಭರವಸೆ ಇರುವುದಿಲ್ಲ. ಮಾದರಿ ಸಂಖ್ಯೆಯ ಮೊದಲ ಅಂಕಿ 6 ಅಥವಾ 7 ಆಗಿದ್ದರೆ ಲಿನಕ್ಸ್ ಹಾಕುವ ಉದ್ದೇಶವಿದ್ದರೆ ಮಾತ್ರ ಕೊಳ್ಳಿ.

ಬೆಸೆದ ರ‍್ಯಾಮ್. ವಿವರದಲ್ಲಿ "ಎಲ್‌ಪಿಡಿಡಿಆರ್" ಎಂದಿದ್ದರೆ ಈ ಬೆಲೆಯ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದದ್ದು ಎಂದೇ ತಿಳಿಯಿರಿ. "ಆನ್‌ಬೋರ್ಡ್" ಎಂದಿದ್ದರೂ ಅಷ್ಟೇ. ಕೆಲವದರಲ್ಲಿ 4 ಅಥವಾ 8 ಜಿಬಿ ಬೆಸೆದು ಜೊತೆಗೊಂದು ಸ್ಲಾಟ್ ಬಿಟ್ಟಿರುತ್ತಾರೆ, ಅವು ಪರವಾಗಿಲ್ಲ. ಬೆಸೆದ 4 ಜಿಬಿ ಮಾತ್ರ ಇದ್ದು ಸ್ಲಾಟ್ ಇಲ್ಲದಿದ್ದರೆ ಆ ಯಂತ್ರದ ಕಥೆ ಅಲ್ಲಿಗೇ ಮುಗಿಯಿತು.

ಇಎಂಎಂಸಿ ಸ್ಟೋರೇಜ್. 64 ಅಥವಾ 128 ಜಿಬಿ ಇಎಂಎಂಸಿ ಎಂದರೆ ಅದೂ ಬೆಸೆದ ಚಿಪ್ಪೇ. 64 ಜಿಬಿಯಲ್ಲಿ ವಿಂಡೋಸ್ ಕೂತ ಮೇಲೆ ದೊಡ್ಡ ಅಪ್‌ಡೇಟ್ ಇಳಿಸಲು ಜಾಗವೇ ಉಳಿಯದೆ ಪದೇ ಪದೇ ಸೋಲುತ್ತದೆ. ಪಕ್ಕದಲ್ಲಿ ಎಂ.2 ಸ್ಲಾಟ್ (ತೆಳ್ಳಗಿನ ಪಟ್ಟಿಯಂಥ ಎಸ್‌ಎಸ್‌ಡಿ ಡ್ರೈವ್ ಕೂರುವ ಜಾಗ) ಇದ್ದರೆ ಮಾತ್ರ ಯೋಚಿಸಿ.

ಪರದೆ. ಪರದೆಯನ್ನು ಬದಲಿಸಬಹುದು, ಆದರೆ ಅಗ್ಗದ ಯಂತ್ರದಲ್ಲಿ ಆ ಖರ್ಚು ಗಿಟ್ಟುವುದಿಲ್ಲ. 1366×768 ಪರದೆಯಲ್ಲಿ ಒಂದು ಎಕ್ಸೆಲ್ ಹಾಳೆಯೂ ಪೂರ್ತಿ ಕಾಣದು. 1920×1080 ಐಪಿಎಸ್ (ಓರೆಯಾಗಿ ನೋಡಿದರೂ ಬಣ್ಣ ಕೆಡದ) ಪರದೆ ಇರುವುದನ್ನೇ ಆರಿಸಿ.

## ಹಂತ 2: ಸ್ಲಾಟ್ ಇದೆಯೆಂದು ಕೈಪಿಡಿಯಲ್ಲೇ ಖಚಿತ ಮಾಡಿಕೊಳ್ಳಿ

ಮಾರಾಟದ ಪುಟದ ಮಾತನ್ನೂ ಅಂಗಡಿಯವರ ಮಾತನ್ನೂ ನೆಚ್ಚಬೇಡಿ. ಹೆಚ್ಚಿನ ಬಾರಿ ಅವರಿಗೂ ಗೊತ್ತಿರುವುದಿಲ್ಲ. ಹಲವು ದೊಡ್ಡ ಕಂಪನಿಗಳು ರಿಪೇರಿಯವರಿಗಾಗಿ ಕೈಪಿಡಿ ಪ್ರಕಟಿಸುತ್ತವೆ. ಲೆನೊವೊದಲ್ಲಿ ಅದರ ಹೆಸರು "ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್", ಎಚ್‌ಪಿಯಲ್ಲಿ "ಮೇಂಟೆನೆನ್ಸ್ ಅಂಡ್ ಸರ್ವಿಸ್ ಗೈಡ್", ಡೆಲ್‌ನಲ್ಲಿ "ಸರ್ವಿಸ್ ಮ್ಯಾನ್ಯುಯಲ್". ಲೆನೊವೊದ ಪಿಎಸ್‌ರೆಫ್ ತಾಣದಲ್ಲಿ ಒಂದೊಂದು ಮಾದರಿಗೂ ಎಷ್ಟು ಸ್ಲಾಟ್, ಗರಿಷ್ಠ ಎಷ್ಟು ರ‍್ಯಾಮ್, ಯಾವ ಅಳತೆಯ ಎಸ್‌ಎಸ್‌ಡಿ ಎಂದು ಪಟ್ಟಿ ಇದೆ.

ಹುಡುಕುವಾಗ ಪೂರ್ಣ ಮಾದರಿ ಸಂಖ್ಯೆ ಬಳಸಿ. ತಳದ ಸ್ಟಿಕರ್ ಮೇಲೆ ಇರುವ ಉದ್ದನೆಯ ಸಂಖ್ಯೆ ಅದು. ಒಂದೇ ಹೆಸರಿನಲ್ಲಿ ನಾಲ್ಕಾರು ಬಗೆಯ ಬೋರ್ಡುಗಳು ಮಾರಾಟವಾಗುತ್ತವೆ. ಹೆಸರನ್ನಷ್ಟೇ ಹಾಕಿ ಹುಡುಕಿದರೆ ಬೇರೆ ಬೋರ್ಡಿನ ವಿವರ ಕೈಗೆ ಸಿಕ್ಕಿ ಮೋಸ ಹೋಗುತ್ತೀರಿ.

ಯಂತ್ರ ಎದುರಿಗೇ ಇದ್ದರೆ ಇನ್ನೂ ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. "ಫಾರ್ಮ್ ಫ್ಯಾಕ್ಟರ್" ಎಂಬುದರ ಎದುರು "ಎಸ್‌ಒ-ಡಿಮ್" ಎಂದಿದ್ದರೆ ಬಿಚ್ಚಿ ಹಾಕುವ ರ‍್ಯಾಮ್. "ರೋ ಆಫ್ ಚಿಪ್ಸ್" ಎಂದಿದ್ದರೆ ಬೆಸೆದದ್ದು. ಅದೇ ಜಾಗದಲ್ಲಿ "ಸ್ಲಾಟ್ಸ್ ಯೂಸ್ಡ್" ಎಂಬ ಲೆಕ್ಕವೂ ಇದೆ, ಆದರೆ ಬೆಸೆದ ಚಿಪ್ಪುಗಳನ್ನೂ ಸ್ಲಾಟ್ ಎಂದು ಎಣಿಸುವ ಯಂತ್ರಗಳಿವೆ. ಹಾಗಾಗಿ "2ರಲ್ಲಿ 1" ಎಂದು ಕಂಡೊಡನೆ ಖಾಲಿ ಸ್ಲಾಟ್ ಇದೆಯೆಂದು ನಿರ್ಧರಿಸದೆ ಕೈಪಿಡಿಯೊಂದಿಗೆ ತಾಳೆ ನೋಡಿ.

## ಹಂತ 3: ಹೊಸದೋ, ರೀಫರ್ಬಿಶ್ಡೋ ತೀರ್ಮಾನಿಸಿ

ಅಗ್ಗದ ಹೊಸ ಸೆಲೆರಾನ್ ಯಂತ್ರ ಮತ್ತು ಅದೇ ಬೆಲೆಗೆ ಸಿಗುವ ಕಂಪನಿ ಬಳಕೆಯ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್, ಇವೆರಡರಲ್ಲಿ ಅಪ್‌ಗ್ರೇಡ್ ಮಾಡುವವರಿಗೆ ಎರಡನೆಯದೇ ಮೇಲು. ಕೀಬೋರ್ಡ್, ಹಿಂಜ್, ಬಾಡಿ ಗಟ್ಟಿ, ಒಳಗೆ ಸ್ಲಾಟ್‌ಗಳಿವೆ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಬೆಂಗಳೂರಿನಂಥ ಊರಲ್ಲಿ ಐಟಿ ಕಂಪನಿಗಳು ಲೀಸ್ ಮುಗಿದ ಯಂತ್ರಗಳನ್ನು ಒಟ್ಟಾಗಿ ಹೊರಹಾಕುವುದರಿಂದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದೇ ಮಾದರಿಯ ಹಲವು ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ಆರಿಸುವ ಅವಕಾಶವಿರುತ್ತದೆ.

8ನೇ ತಲೆಮಾರಿನಲ್ಲಿ ಹುಡುಕಬೇಕಾದವು: ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490 ಮತ್ತು 7490, ಎಚ್‌ಪಿ ಎಲೀಟ್‌ಬುಕ್ 840 ಜಿ5. ನಾಲ್ಕರಲ್ಲೂ ಡಿಡಿಆರ್4 ರ‍್ಯಾಮಿಗೆ ಎರಡೆರಡು ಸ್ಲಾಟ್ ಇವೆ.

ಒಂದು ಅಕ್ಷರದ ವ್ಯತ್ಯಾಸ ಇಲ್ಲಿ ದುಬಾರಿ. ಟಿ480ರಲ್ಲಿ ಎರಡು ಸ್ಲಾಟ್. ಟಿ480ಎಸ್‌ನಲ್ಲಿ ಬೆಸೆದದ್ದು ಸ್ವಲ್ಪ, ಜೊತೆಗೆ ಒಂದು ಸ್ಲಾಟ್. ಎಕ್ಸ್280 ಮತ್ತು ಎಕ್ಸ್1 ಕಾರ್ಬನ್‌ನಲ್ಲಿ ಎಲ್ಲವೂ ಬೆಸೆದದ್ದೇ. ಈ ಕೊನೆಯ ಎರಡು ತೆಳ್ಳಗೆ, ಹಗುರವಾಗಿ ಇರುವುದರಿಂದ ಕಣ್ಸೆಳೆಯುತ್ತವೆ. ಮೊದಲು ಹೇಳಿದ ನಿಯಮಕ್ಕೆ ವಿನಾಯಿತಿಯಾಗಿ 16 ಜಿಬಿ ಇರುವ ಕಾರ್ಬನ್ ಸಿಕ್ಕರೆ ಕೊಳ್ಳಿ, 8 ಜಿಬಿಯದು ಬೇಡ.

ಹೊಸ ಯಂತ್ರವೇ ಬೇಕೆನ್ನುವವರಿಗೂ ಒಳ್ಳೆಯ ಕಾರಣಗಳಿವೆ: ಪೂರ್ತಿ ವಾರಂಟಿ, ಹೊಸ ಬ್ಯಾಟರಿ. ಕರೆಂಟ್ ಆಗಾಗ ಹೋಗುವ ಊರಲ್ಲಿ ಓದುವ ವಿದ್ಯಾರ್ಥಿಗೆ ನಾಲ್ಕೈದು ಗಂಟೆ ನಿಲ್ಲುವ ಬ್ಯಾಟರಿ ಪ್ರೊಸೆಸರ್‌ಗಿಂತ ಮುಖ್ಯವಾಗಬಹುದು. ಹಾಗಿದ್ದರೆ ಬೆಸೆದ 8 ಜಿಬಿ ಜೊತೆಗೆ ಒಂದು ಖಾಲಿ ಸ್ಲಾಟ್ ಇರುವ ಐ3 ಅಥವಾ ರೈಜನ್ 3 ಯಂತ್ರ ಹುಡುಕಿ.

## ಹಂತ 4: ಅಪ್‌ಗ್ರೇಡ್ ಸೇರಿಸಿ ಲೆಕ್ಕ ಹಾಕಿ

ಕಾಗದದ ಮೇಲೆ ಐದು ಸಾಲು ಬರೆಯಿರಿ: ಯಂತ್ರ, ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಚಾರ್ಜರ್. ಕೊನೆಯ ನಾಲ್ಕರ ಮೊತ್ತ ಯಂತ್ರದ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಿಲ್ಲಿ. ಉದಾಹರಣೆಗೆ 21,000 ರೂಪಾಯಿಯ ಯಂತ್ರಕ್ಕೆ 7,000ದವರೆಗೆ ಸರಿ. 11,000 ಬೀಳುತ್ತದೆ ಎಂದಾದರೆ ಅದು 32,000ದ ಯಂತ್ರ. ಆ ಬೆಲೆಗೆ ಒಂದು ತಲೆಮಾರು ಹೊಸದು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ರ‍್ಯಾಮ್ ಬೆಲೆಯನ್ನು ಕೊಳ್ಳುವ ದಿನವೇ ನೋಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಬೆಲೆ ಜೋರಾಗಿ ಏರಿತು. ವರ್ಷದ ಹಿಂದೆ ಗೆಳೆಯರು ಕೊಟ್ಟ ಬೆಲೆ ಈಗ ಲೆಕ್ಕಕ್ಕಿಲ್ಲ. ಹೀಗಾಗಿ 8 ಜಿಬಿಯ ಯಂತ್ರ ಕೊಂಡು ರ‍್ಯಾಮ್ ಸೇರಿಸುವುದಕ್ಕಿಂತ ಮೊದಲೇ 16 ಜಿಬಿ ಇರುವ ರೀಫರ್ಬಿಶ್ಡ್ ಯಂತ್ರ ಕೊಳ್ಳುವುದೇ ಅಗ್ಗವಾಗುವ ಸಂದರ್ಭ ಇದೆ. ಎರಡನ್ನೂ ಹೋಲಿಸಿ ನೋಡಿ.

ದುಡ್ಡು ಒಂದಕ್ಕೆ ಮಾತ್ರ ಇದ್ದರೆ ಯಾವುದು ಮೊದಲು? ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಎಸ್‌ಎಸ್‌ಡಿ ಈಗಾಗಲೇ ಇದ್ದು ರ‍್ಯಾಮ್ 4 ಜಿಬಿ ಇದ್ದರೆ ರ‍್ಯಾಮ್. ಎಸ್‌ಎಸ್‌ಡಿ ಜೊತೆ 8 ಜಿಬಿ ಇದ್ದರೆ ಒಂದು ತಿಂಗಳು ಸುಮ್ಮನೆ ಬಳಸಿ ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಬಳಕೆ ಸದಾ 85 ಶೇಕಡಾ ದಾಟುತ್ತಿದ್ದರೆ ಆಗ ಸೇರಿಸಿ.

## ಹಂತ 5: ಬಿಚ್ಚುವ ಮೊದಲು, ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷಿಸಿ

ಹೆಚ್ಚು ಜನ ಹಾರಿಸುವ ಹಂತ ಇದು. ಮುಚ್ಚಳ ಬಿಚ್ಚಿದ ಮೇಲೆ ದೋಷ ಕಂಡರೆ "ನೀವೇ ಬಿಚ್ಚಿ ಹಾಳು ಮಾಡಿದ್ದೀರಿ" ಎನ್ನುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ.

ಬಯಾಸ್ ಪಾಸ್‌ವರ್ಡ್. ಯಂತ್ರ ಆನ್ ಮಾಡಿ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಏಳುವ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ: ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಪಾಸ್‌ವರ್ಡ್ ಕೇಳಿದರೆ ಕೊಳ್ಳಬೇಡಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಒಳಗಿನ ನಾಣ್ಯದಂಥ ಬ್ಯಾಟರಿ ತೆಗೆದರೆ ಹೋಗುವಂಥದ್ದಲ್ಲ. ಕಂಪನಿಯ ಅಧಿಕೃತ ದಾರಿ ಮದರ್‌ಬೋರ್ಡ್ ಬದಲಿಸುವುದು.

ಕಂಪನಿಯ ಹಿಡಿತ. ವಿಂಡೋಸ್ ಹೊಸದಾಗಿ ಹಾಕಿ ವೈಫೈ ಜೋಡಿಸಿದಾಗ ಯಾವುದೋ ಕಂಪನಿಯ ಹೆಸರು ತೋರಿಸಿ ಆ ಕಂಪನಿಯ ಇಮೇಲ್ ಕೇಳಿದರೆ, ಹಳೆಯ ಮಾಲೀಕರು ಆ ಯಂತ್ರವನ್ನು ತಮ್ಮ ಪಟ್ಟಿಯಿಂದ ತೆಗೆದಿಲ್ಲ ಎಂದರ್ಥ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ಇದನ್ನು ಮರೆಮಾಚಿ ಮಾರುವುದುಂಟು. ಹಾಗಾಗಿ ಒಮ್ಮೆ ರಿಸೆಟ್ ಮಾಡಿ, ಇಂಟರ್ನೆಟ್ ಜೋಡಿಸಿಯೇ ಸೆಟಪ್ ನಡೆಸಿ. ಯಂತ್ರವನ್ನು ದೂರದಿಂದಲೇ ಪತ್ತೆಹಚ್ಚಿ ಬೀಗ ಹಾಕುವ "ಅಬ್ಸಲ್ಯೂಟ್" ಅಥವಾ "ಕಂಪ್ಯೂಟ್ರೇಸ್" ಬಯಾಸ್‌ನಲ್ಲಿ ಚಾಲೂ ಇದೆಯೇ ಎಂದೂ ನೋಡಿ.

ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂದು ಟೈಪ್ ಮಾಡಿ ಎಂಟರ್ ಒತ್ತಿ. ವರದಿಯ ಕಡತ ಎಲ್ಲಿದೆಯೆಂದು ಅದೇ ಹೇಳುತ್ತದೆ. ಅದರಲ್ಲಿ "ಡಿಸೈನ್ ಕೆಪ್ಯಾಸಿಟಿ" ಮತ್ತು "ಫುಲ್ ಚಾರ್ಜ್ ಕೆಪ್ಯಾಸಿಟಿ" ಹೋಲಿಸಿ. 50,000ದ ಜಾಗದಲ್ಲಿ 40,000 ಇದ್ದರೆ ಚೆನ್ನ. 30,000ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಎರಡು ಸಂಖ್ಯೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೆ ನಕಲಿ ಬ್ಯಾಟರಿಯ ಅನುಮಾನ ಇರಲಿ. ಚಾರ್ಜರ್ ತೆಗೆದು ಅರ್ಧ ಗಂಟೆ ವಿಡಿಯೊ ಓಡಿಸಿ ಎಷ್ಟು ಇಳಿಯಿತೆಂದು ನೋಡಿ.

ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಅಥವಾ ಸಮತಟ್ಟಾದ ಮೇಜಿನ ಮೇಲೆ ಯಂತ್ರ ಅಲ್ಲಾಡಿದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಮನೆಗೆ ತರಬೇಡಿ.

ಡ್ರೈವ್. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. "ಗುಡ್" ಎಂದಿದ್ದರೆ ಸರಿ, "ಕಾಷನ್" ಎಂದಿದ್ದರೆ ಆ ಡ್ರೈವನ್ನು ಸೊನ್ನೆ ಬೆಲೆಗೆ ಲೆಕ್ಕ ಹಾಕಿ.

ಉಳಿದದ್ದು. ಪರದೆಯಲ್ಲಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತೆರೆದು ಚುಕ್ಕೆ, ಕಲೆ ನೋಡಿ. ಪ್ರತಿ ಕೀ ಒತ್ತಿ. ಪ್ರತಿ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ. ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ಹೆಡ್‌ಫೋನ್ ಜ್ಯಾಕ್. ಟಿ480ರಲ್ಲಿ ಎರಡೂ ಯುಎಸ್‌ಬಿ-ಸಿ ಪೋರ್ಟುಗಳಿಂದ ಚಾರ್ಜ್ ಆಗುತ್ತದೆಯೇ ಎಂದು ಪ್ರತ್ಯೇಕವಾಗಿ ನೋಡಿ. ಅವುಗಳಲ್ಲಿ ಒಂದು ಥಂಡರ್‌ಬೋಲ್ಟ್ ಪೋರ್ಟ್; ಅದರ ಫರ್ಮ್‌ವೇರ್ (ಚಿಪ್ಪಿನೊಳಗಿನ ತಂತ್ರಾಂಶ) ಹಳೆಯದಾಗಿದ್ದರೆ ಆ ಪೋರ್ಟ್ ಕೆಡುವ ಸಾಧ್ಯತೆಯಿದೆ, ಕೊಂಡ ದಿನವೇ ಅದನ್ನು ಅಪ್‌ಡೇಟ್ ಮಾಡಿ. ಡೆಲ್‌ನ ಉರುಟು ಪಿನ್ನಿನ ಚಾರ್ಜರಾದರೆ ಮಧ್ಯದ ಸಣ್ಣ ಸೂಜಿ ನೆಟ್ಟಗಿರಬೇಕು. ಅದು ಮುರಿದರೆ ಯಂತ್ರ ಚಾರ್ಜರನ್ನು ಗುರುತಿಸದೆ ಬ್ಯಾಟರಿ ತುಂಬಿಸುವುದಿಲ್ಲ, ಪ್ರೊಸೆಸರ್ ವೇಗವನ್ನೂ ತಗ್ಗಿಸುತ್ತದೆ.

ಕರಾವಳಿ ಕಡೆ ಬಳಸಿದ ಯಂತ್ರವಾದರೆ ಟಾರ್ಚ್ ಹಿಡಿದು ಪೋರ್ಟುಗಳ ಒಳಗೆ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಉಪ್ಪುಗಾಳಿಯ ತುಕ್ಕು. ಬೋರ್ಡಿನ ಮೇಲೂ ಇರುವ ಸಾಧ್ಯತೆ ಹೆಚ್ಚು.

## ಹಂತ 6: ಸರಿಯಾದ ಬಿಡಿಭಾಗ, ಉಪಕರಣ ಒಟ್ಟುಮಾಡಿ

ರ‍್ಯಾಮ್. ಲ್ಯಾಪ್‌ಟಾಪಿನದು ಸುಮಾರು 7 ಸೆಂ.ಮೀ. ಉದ್ದದ ಎಸ್‌ಒ-ಡಿಮ್, ಡೆಸ್ಕ್‌ಟಾಪಿನದು ಅದರ ಎರಡರಷ್ಟು ಉದ್ದ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ನಡುವಿನ ಕಚ್ಚಿನ ಜಾಗವೇ ಬೇರೆ. ವೇಗದ ಬಗ್ಗೆ ಚಿಂತೆ ಬೇಡ: 2400ರ ಯಂತ್ರಕ್ಕೆ ಡಿಡಿಆರ್4 3200ರ ರ‍್ಯಾಮ್ ಹಾಕಿದರೆ ಅದು 2400ರಲ್ಲಿ ಓಡುತ್ತದೆ. 16 ಜಿಬಿ ಬೇಕಾದರೆ 8ರ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ಎರಡು ಚಾನೆಲ್ ಸಿಕ್ಕರೆ ಅದಕ್ಕೂ ಲಾಭ.

ಎಸ್‌ಎಸ್‌ಡಿ. ಮೂರು ವಿಷಯ ತಾಳೆಯಾಗಬೇಕು: ಉದ್ದ (2280, 2242, 2230, ಕೊನೆಯ ಎರಡು ಅಂಕಿ ಮಿಲಿಮೀಟರ್‌ನಲ್ಲಿ ಉದ್ದ), ಬಗೆ (ಹಳೆಯ, ನಿಧಾನದ ಸಾಟಾ ಅಥವಾ ಹೊಸ, ವೇಗದ ಎನ್‌ವಿಎಂಇ), ಸ್ಲಾಟ್. ಎಂ.2 ಆಕಾರ ಒಂದೇ ಇದ್ದರೂ ಸಾಟಾ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಎನ್‌ವಿಎಂಇ ಕೆಲಸ ಮಾಡದು. ಟಿ480ರಲ್ಲಿ 2280 ಎನ್‌ವಿಎಂಇ ಹಾಕಲು 2.5 ಇಂಚಿನ ಜಾಗದಲ್ಲಿ ಕೂರುವ ಪ್ರತ್ಯೇಕ ಅಡಾಪ್ಟರ್ ಮತ್ತು ಕೇಬಲ್ ಬೇಕು. ಅವಿಲ್ಲದೆ ಡ್ರೈವ್ ಮಾತ್ರ ತಂದವರು ಮತ್ತೆ ಅಂಗಡಿಗೆ ಓಡುತ್ತಾರೆ. ಅದೇ ರೀತಿ ಖಾಲಿ 2.5 ಇಂಚಿನ ಜಾಗ ಇರುವ ಕೆಲವು ಯಂತ್ರಗಳಲ್ಲಿ ಕೇಬಲ್ ಇರುವುದಿಲ್ಲ, ಖಾಲಿ ಎಂ.2 ಸ್ಲಾಟಿನಲ್ಲಿ ಸ್ಕ್ರೂ ಇರುವುದಿಲ್ಲ. ಕೈಪಿಡಿಯ ಬಿಡಿಭಾಗ ಸಂಖ್ಯೆ ಕೊಟ್ಟು ಮೊದಲೇ ತರಿಸಿ.

ಹೆಸರಿಲ್ಲದ 1 ಟಿಬಿ ಡ್ರೈವ್ ನಂಬಲಾರದ ಬೆಲೆಗೆ ಸಿಕ್ಕರೆ ಬಿಡಿ. ಒಳಗಿರುವುದು ಕಡಿಮೆ ಸಾಮರ್ಥ್ಯದ ಚಿಪ್ಪು, ಲೇಬಲ್ಲೂ ಫರ್ಮ್‌ವೇರೂ ಸುಳ್ಳು ಹೇಳುತ್ತಿರುತ್ತವೆ. ತುಂಬಿಸುತ್ತಾ ಹೋದಂತೆ ಹಳೆಯ ಕಡತಗಳು ಹಾಳಾಗುತ್ತವೆ.

ಉಪಕರಣ. ಪಿಎಚ್0 ಮತ್ತು ಪಿಎಚ್00 ತುದಿಯ ಫಿಲಿಪ್ಸ್ ಸ್ಕ್ರೂಡ್ರೈವರ್, ಕೆಲವು ಯಂತ್ರಗಳಿಗೆ ಟಿ5 ಟಾರ್ಕ್ಸ್, ಪ್ಲಾಸ್ಟಿಕ್ ಓಪನರ್ ಅಥವಾ ಹಳೆಯ ಎಟಿಎಂ ಕಾರ್ಡ್, 8 ಜಿಬಿ ಪೆನ್‌ಡ್ರೈವ್, ಒಂದು ರಟ್ಟಿನ ತುಂಡು, ಪೆನ್. ಲೋಹದ ಚಾಕು ಬೇಡವೇ ಬೇಡ.

## ಹಂತ 7: ಡೇಟಾ ಮತ್ತು ಬಿಟ್‌ಲಾಕರ್ ಕೀ ಉಳಿಸಿಕೊಳ್ಳಿ

ಫೋಟೊ, ದಾಖಲೆ ಬೇರೆ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" (ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್) ಚಾಲೂ ಇದೆಯೇ ನೋಡಿ. ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಸಣ್ಣ ಬದಲಾವಣೆ ಮಾಡಿದರೂ ಮುಂದಿನ ಬಾರಿ ಆನ್ ಆಗುವಾಗ ಅದು ಈ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಹೋಯಿತೆಂದೇ ಲೆಕ್ಕ.

ವಾರಂಟಿ ಇರುವ ಹೊಸ ಯಂತ್ರವಾದರೆ ಬಿಚ್ಚಬಹುದೇ ಎಂದು ಕಸ್ಟಮರ್ ಕೇರ್‌ಗೆ ಇಮೇಲ್ ಬರೆದು ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

## ಹಂತ 8: ಬಿಚ್ಚುವುದು

1. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಸ್ಲೀಪ್ ಅಲ್ಲ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಒತ್ತಿದರೆ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಟಿ480ರಲ್ಲಿ ಮೊದಲೇ ಬಯಾಸ್‌ನ ಪವರ್ ವಿಭಾಗದಲ್ಲಿ "ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ" ಕೊಟ್ಟು, ಹಿಂಬದಿಯ ಹೊರ ಬ್ಯಾಟರಿಯನ್ನೂ ಕಳಚಿ.

2. ಮೆತ್ತನೆ ಬಟ್ಟೆಯ ಮೇಲೆ ಬೋರಲು ಮಲಗಿಸಿ. ರಟ್ಟಿನ ಮೇಲೆ ತಳದ ಚಿತ್ರ ಬಿಡಿಸಿ, ತೆಗೆದ ಪ್ರತಿ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಗಿಡ್ಡದರ ಜಾಗದಲ್ಲಿ ಉದ್ದದ್ದು ತಿರುಗಿಸಿದರೆ ಬೋರ್ಡನ್ನೋ ಕೀಬೋರ್ಡ್ ಕಡೆಯ ಮೇಲ್ಮೈಯನ್ನೋ ತೂರಿಕೊಂಡು ಹೋಗುತ್ತದೆ. ಕೆಲವು ಮಾದರಿಗಳಲ್ಲಿ ಸ್ಕ್ರೂ ಕಳಚಿ ಬರದೆ ಮುಚ್ಚಳದಲ್ಲೇ ಉಳಿಯುತ್ತದೆ, ಎಳೆಯಲು ಹೋಗಬೇಡಿ.

3. ಎಲ್ಲ ಸ್ಕ್ರೂ ತೆಗೆದರೂ ಒಂದು ಕಡೆ ಏಳದಿದ್ದರೆ ಅಲ್ಲಿ ರಬ್ಬರ್ ಪಾದದ ಕೆಳಗೆ ಇನ್ನೊಂದು ಅಡಗಿರುತ್ತದೆ. ಬಲ ಹಾಕುವುದು ತಪ್ಪು. ಹಿಂಜ್ ಬಳಿಯಿಂದ ಆರಂಭಿಸಿ ಪ್ಲಾಸ್ಟಿಕ್ ಕಾರ್ಡನ್ನು ಅಂಚಿನುದ್ದಕ್ಕೂ ಸರಿಸಿ. ಟಕ್ ಟಕ್ ಎಂದು ಕ್ಲಿಪ್ ಬಿಡುವ ಸದ್ದು ಸಹಜ. ಕಾರ್ಡನ್ನು 5 ಮಿ.ಮೀ.ಗಿಂತ ಒಳಗೆ ತೂರಿಸಬೇಡಿ.

4. ಒಳಗೆ ಕೈ ಹಾಕುವ ಮೊದಲು ಮಣ್ಣಿಗಿಳಿದ ಲೋಹ, ಅಂದರೆ ಲೋಹದ ಪೈಪಿನ ನಲ್ಲಿ ಮುಟ್ಟಿ. ನಂತರ ಬ್ಯಾಟರಿಯ ಕನೆಕ್ಟರನ್ನು ತೆಗೆಯಿರಿ. ವೈರುಗಳನ್ನು ಎಳೆಯಬೇಡಿ, ಪ್ಲಾಸ್ಟಿಕ್ ತಲೆಯನ್ನು ಉಗುರಿನಿಂದ ಸರಿಸಿ. ಪವರ್ ಬಟನ್ 15 ಸೆಕೆಂಡು ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ.

## ಹಂತ 9: ರ‍್ಯಾಮ್ ಕೂರಿಸುವುದು

ಕಚ್ಚು ತಾಳೆ ನೋಡಿ, ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಸ್ಲಾಟಿನೊಳಗೆ ತಳ್ಳಿ. ಚಿನ್ನದ ಬಣ್ಣದ ಗೆರೆಗಳು ಬಹುತೇಕ ಕಾಣದಂತಾಗಬೇಕು. ಬಳಿಕ ಕೆಳಕ್ಕೆ ಒತ್ತಿ, ಎರಡೂ ಬದಿಯ ಕ್ಲಿಪ್ ಕ್ಲಿಕ್ ಎನ್ನಬೇಕು. ಗೆರೆ ಅರ್ಧ ಕಾಣುತ್ತಿರುವಾಗಲೇ ಕೆಳಕ್ಕೆ ಒತ್ತುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಮೊದಲ ಬಾರಿ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರ ಹೊಸ ರ‍್ಯಾಮಿನ ಅಳತೆ ತೆಗೆದುಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಪವರ್ ಒತ್ತಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಐದು ನಿಮಿಷ ಕಾಯಿರಿ. ಆಮೇಲೂ ಕಪ್ಪಾಗಿದ್ದು ಬೀಪ್ ಅಥವಾ ಮಿನುಗುವ ದೀಪ ಕಂಡರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ; ಒಂದೊಂದನ್ನೇ ಹಾಕಿ ನೋಡಿ, ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ. ಆನ್ ಆದರೆ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಿ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಆದರೆ ಇದು ಕಡ್ಡಾಯ. ಒಂದೇ ಒಂದು ದೋಷ ಬಂದರೂ ಹಿಂತಿರುಗಿಸಿ.

## ಹಂತ 10: ಎಸ್‌ಎಸ್‌ಡಿ ಮತ್ತು ವಿಂಡೋಸ್

ಎಂ.2 ಡ್ರೈವನ್ನೂ ಓರೆಯಾಗಿ ತಳ್ಳಿ, ಕೆಳಕ್ಕೆ ಒತ್ತಿಹಿಡಿದು ಸ್ಕ್ರೂ ಹಾಕಿ. ಬೆರಳ ತುದಿಯ ಬಿಗಿ ಸಾಕು.

ವಿಂಡೋಸ್ ಹೊಸದಾಗಿಯೇ ಹಾಕಿ, ಹಳೆಯದನ್ನು ನಕಲು ಮಾಡುವುದಕ್ಕಿಂತ ಅದು ಶುದ್ಧ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಪೆನ್‌ಡ್ರೈವ್ ಸಿದ್ಧಪಡಿಸಿ. ನಿಮ್ಮ ಮಾದರಿಯ ವೈಫೈ ಡ್ರೈವರನ್ನೂ (ವೈಫೈ ನಡೆಸುವ ತಂತ್ರಾಂಶ) ಅದರಲ್ಲೇ ನಕಲು ಮಾಡಿಡಿ, ಏಕೆಂದರೆ ಸೆಟಪ್ ನಡುವೆ ಇಂಟರ್ನೆಟ್ ಕೇಳುತ್ತದೆ. ಬೂಟ್ ಮೆನುಗೆ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಉಳಿಸಿಕೊಳ್ಳುವವರು ವಿಂಡೋಸ್ ಹಾಕುವಾಗ ಅದರ ಕೇಬಲ್ ತೆಗೆದಿರಿ. ಇಲ್ಲದಿದ್ದರೆ ವಿಂಡೋಸ್ ಹೊಸ ಡ್ರೈವಿಗೂ ಬೂಟ್ ಕಡತಗಳು ಹಳೆಯ ಡಿಸ್ಕಿಗೂ ಹೋಗಿ ಕೂರುತ್ತವೆ. ಮುಂದೊಂದು ದಿನ ಹಳೆಯ ಡಿಸ್ಕ್ ಸತ್ತಾಗ ಹೊಸದೂ ಏಳುವುದಿಲ್ಲ.

ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಹಲವು ಯಂತ್ರಗಳಲ್ಲಿ ಸೆಟಪ್ ಡ್ರೈವನ್ನೇ ತೋರಿಸುವುದಿಲ್ಲ. ಡ್ರೈವ್ ಕೆಟ್ಟಿಲ್ಲ, ವಿಎಂಡಿ ಎಂಬ ವ್ಯವಸ್ಥೆಗೆ ಡ್ರೈವರ್ ಬೇಕು. ತಯಾರಕರ ತಾಣದಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ ಪೆನ್‌ಡ್ರೈವಿಗೆ ಹಾಕಿ "ಲೋಡ್ ಡ್ರೈವರ್" ಕೊಡಿ.

ವಿಂಡೋಸ್ ಕೀ ಕೊಳ್ಳಬೇಡಿ. ಕಂಪನಿಯಿಂದ ವಿಂಡೋಸ್ ಜೊತೆಗೇ ಬಂದ ಯಂತ್ರದ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ರ‍್ಯಾಮ್, ಎಸ್‌ಎಸ್‌ಡಿ ಬದಲಿಸಿದರೆ ಹೋಗುವುದಿಲ್ಲ, ಇಂಟರ್ನೆಟ್ ಸಿಕ್ಕೊಡನೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಕನ್ನಡ ಟೈಪಿಂಗಿಗೂ ಬೇರೆ ತಂತ್ರಾಂಶ ಬೇಕಿಲ್ಲ: ಭಾಷೆಗಳಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಎರಡೂ ಕೀಲಿಮಣೆ ವಿಂಡೋಸ್‌ನಲ್ಲೇ ಇವೆ.

## ಹಂತ 11: ಬ್ಯಾಟರಿ, ಫ್ಯಾನ್, ಪೇಸ್ಟ್ (ಅಗತ್ಯವಿದ್ದರೆ ಮಾತ್ರ)

ಬ್ಯಾಟರಿಯನ್ನು ಲ್ಯಾಪ್‌ಟಾಪಿನ ಹೆಸರು ಹೇಳಿ ಕೊಳ್ಳಬೇಡಿ. ಹಳೆಯ ಬ್ಯಾಟರಿಯ ಮೇಲೆ ಅಚ್ಚಾದ ಪಾರ್ಟ್ ನಂಬರ್ ಹೇಳಿ. ತಯಾರಾದ ದಿನಾಂಕವನ್ನೂ ನೋಡಿ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದ "ಹೊಸ" ಬ್ಯಾಟರಿ ಅರ್ಧ ಸತ್ತಿರುತ್ತದೆ. ಊದಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಫ್ಯಾನಿನ ದೂಳು ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಲೇಪ) ಬದಲಿಸುವುದು ಸಾಧಾರಣ ಕೆಲಸಕ್ಕೇ ಉಷ್ಣತೆ 95 ಡಿಗ್ರಿ ಮುಟ್ಟುತ್ತಿದ್ದರೆ ಮಾತ್ರ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸದು ಹಾಕಿ, ಹೀಟ್‌ಸಿಂಕ್ ಮೇಲೆ ಅಚ್ಚಾಗಿರುವ 1, 2, 3, 4ರ ಕ್ರಮದಲ್ಲೇ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ.

## ಹಂತ 12: ಮುಚ್ಚುವ ಮೊದಲು

ಬ್ಯಾಟರಿ ಕನೆಕ್ಟರ್ ಹಾಕಿ, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಯಂತ್ರವನ್ನು ಒಮ್ಮೆ ಆನ್ ಮಾಡಿ. ಬಯಾಸ್‌ನಲ್ಲಿ ರ‍್ಯಾಮಿನ ಒಟ್ಟು ಮೊತ್ತ ಮತ್ತು ಡ್ರೈವಿನ ಹೆಸರು ಕಂಡರೆ ಆಫ್ ಮಾಡಿ, ಆಮೇಲೆ ಕ್ಲಿಪ್ ಒತ್ತಿ ಸ್ಕ್ರೂ ಹಾಕಿ. ಏನೂ ಆನ್ ಆಗದಿದ್ದರೆ ಬ್ಯಾಟರಿ ಕನೆಕ್ಟರ್ ಪೂರ್ತಿ ಕೂತಿದೆಯೇ ಎಂದು ನೋಡಿ, ಚಾರ್ಜರ್ ಜೋಡಿಸಿ. ಥಿಂಕ್‌ಪ್ಯಾಡ್‌ನಲ್ಲಿ ಒಳ ಬ್ಯಾಟರಿ ನಿಷ್ಕ್ರಿಯ ಮಾಡಿದ್ದರೆ ಚಾರ್ಜರ್ ಹಾಕುವವರೆಗೆ ಅದು ಏಳುವುದೇ ಇಲ್ಲ. ರಟ್ಟಿನ ಮೇಲೆ ಒಂದು ಸ್ಕ್ರೂ ಉಳಿದಿದ್ದರೆ ಅದರ ಜಾಗ ಹುಡುಕಿ ಹಾಕಿ. ಒಂದು ಸ್ಕ್ರೂ ಕಾಣೆಯಾಗಿದ್ದರೆ ಯಂತ್ರವನ್ನು ಮೆಲ್ಲಗೆ ಅಲ್ಲಾಡಿಸಿ ಸದ್ದು ಕೇಳಿ, ಬೋರ್ಡಿನ ಮೇಲೆ ಬಿದ್ದ ಸ್ಕ್ರೂ ಶಾರ್ಟ್ ಮಾಡುತ್ತದೆ. ತೆಗೆದ ಹಳೆಯ ರ‍್ಯಾಮ್ ಮತ್ತು ಡ್ರೈವನ್ನು ವಾರಂಟಿ ಮುಗಿಯುವವರೆಗೆ ಮಾರಬೇಡಿ. ಸರ್ವಿಸ್‌ಗೆ ಕೊಡುವಾಗ ಅವನ್ನೇ ಮರಳಿ ಹಾಕಿ ಕೊಡಬೇಕಾಗಬಹುದು.